ಕಿರುಚಿದರೆ ಬರುವವರು

ಆ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಮನೆ ಮಾಲೀಕರು ಮೊದಲ ದಿನವೇ ಕೆಲವು ಸಂಗತಿ ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ನೀರು ಬೆಳಗಿನ ಹೊತ್ತು ಮಾತ್ರ ಜೋರಾಗಿ ಬರುತ್ತದೆ. ಕಸದ ಗಾಡಿಯವನು ಯಾರಪ್ಪನಿಗೂ ಕಾಯುವುದಿಲ್ಲ. ಇನ್ನು, ಎಂಟು ಗಂಟೆಯ ಆಸುಪಾಸಿಗೆ ಮೂಲೆ ಮನೆಯ ಬಚ್ಚಲಿನಿಂದ ಒಬ್ಬ ಹೆಂಗಸು ಜೀವ ಹೋಗುವ ಹಾಗೆ ಕಿರುಚಿದರೆ ಗಾಬರಿ ಬೀಳಬೇಡಿ. ಅದು ಅವರ ಹೊಟ್ಟೆಪಾಡು.

ನಿಜವೇ. ಕಿರುಚುವುದೇ ಅವರ ಕಸುಬು. ದೆವ್ವದ ಸಿನಿಮಾದಲ್ಲಿ ನಾಯಕಿ ಕಣ್ಣು ಅರಳಿಸಿ ಬಾಯಿ ತೆರೆಯುತ್ತಾಳಲ್ಲ, ಬಾಯಿ ನಾಯಕಿಯದು, ಒಳಗಿನ ಸದ್ದು ಇವರದು. ನಾಯಕಿಯರು ಅಳಬಲ್ಲರು, ನಗಬಲ್ಲರು, ಮರ ಸುತ್ತಬಲ್ಲರು. ಕಿರುಚಿ ಅಂದರೆ ಮಾತ್ರ ಬಾಗಿಲ ಸಂದಿಗೆ ಸಿಕ್ಕಿದ ಇಲಿಯ ದನಿ ತೆಗೆದು, ಆಮೇಲೆ ಮೈಕು ಸರಿಯಿಲ್ಲ ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಗ ಈ ಮೂಲೆ ಮನೆಗೆ ಫೋನ್ ಬರುತ್ತಿತ್ತು. ಸ್ಟುಡಿಯೋದವರ ಬಾಯಲ್ಲಿ ಇವರ ಹೆಸರು ಕಿರುಚಮ್ಮ. ತೆರೆಯ ಮೇಲೆ ಹೆಸರು ಬರುತ್ತಿರಲಿಲ್ಲ; ಬಂದರೂ ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಬರುತ್ತಿತ್ತು. "ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು, ಬಿಡು" ಎಂದು ಅವರು ನಕ್ಕು ಸುಮ್ಮನಾಗುತ್ತಿದ್ದರು.

ಸೊಸೆಯನ್ನು ಹುಡುಕಿಕೊಂಡಿದ್ದು ಅವರೇ. ಸ್ಟುಡಿಯೋದಲ್ಲಿ ಗಾಜಿನ ಆಚೆ ಕೂತು ಸದ್ದು ಹಿಡಿಯುವ ಹುಡುಗಿಯೊಬ್ಬಳು, ಬೇರೆಯವರ ಹಾಗೆ "ಸೂಪರ್ ಅಮ್ಮ" ಎಂದು ಉಬ್ಬಿಸದೆ, "ಕೊನೇಲಿ ಸ್ವಲ್ಪ ಸುಳ್ಳಾಯ್ತು, ಇನ್ನೊಂದ್ಸಲ" ಅಂದಿದ್ದಳು. ಕಿರುಚಮ್ಮನಿಗೆ ಸಿಟ್ಟು ಬಂತು. ಇನ್ನೊಂದು ಸಲ ಕಿರುಚಿದಾಗ ಹುಡುಗಿ ಹೇಳಿದ್ದು ಸರಿ ಅನ್ನಿಸಿತು. ಮನೆಗೆ ಹೋಗಿ ಮಗನಿಗೆ, "ಒಬ್ಳು ಸಿಕ್ಕಿದಾಳೆ ಕಣೋ, ಮುಖಸ್ತುತಿ ಮಾಡಲ್ಲ" ಅಂದರು. ಮಗನಿಗೆ ಕನ್ನಡಕದ ಅಂಗಡಿ. ಹುಟ್ಟಿದಾಗಿನಿಂದ ದೆವ್ವದ ಸಿನಿಮಾ ಅಂದರೆ ಮೈಲಿ ದೂರ. ಅಮ್ಮನ ಒಂದು ಚಿತ್ರವನ್ನೂ ಅವನು ನೋಡಿಲ್ಲ. "ಮನೇಲಿ ಪುಕ್ಕಟೆ ಕೇಳಿಸುತ್ತೆ, ಅದಕ್ಕೆ ಟಿಕೆಟ್ ಬೇರೆ ತಗೋಬೇಕಾ" ಎಂಬುದು ಅವನ ವಾದ. ಆ ಹುಡುಗಿ ಕನ್ನಡಕ ಮಾಡಿಸಲು ಬಂದಳು, ಮೂರು ಸಲ ಫ್ರೇಮು ಬದಲಾಯಿಸಿದಳು, ಮದುವೆಯಾದಳು.

ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ಆದದ್ದನ್ನು ಆ ಮನೆಯಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಸ್ಟುಡಿಯೋದಲ್ಲಿ ಕೇಳುವುದೇ ಬೇರೆ, ಅರೆನಿದ್ದೆಯಲ್ಲಿ ಹೊಸ ಮನೆಯ ಬಚ್ಚಲಿನಿಂದ ಕೇಳುವುದೇ ಬೇರೆ. ಸೊಸೆ ಬಿದ್ದಂಬೀಳ ಓಡಿ ಬಾಗಿಲಿಗೆ ಹೆಗಲು ಕೊಟ್ಟು ಗುದ್ದಿದ ರಭಸಕ್ಕೆ ಚಿಲಕ ಕಿತ್ತು ಬಂತು. ಒಳಗೆ ಅತ್ತೆ ಬಾಯಿ ತುಂಬ ಹಲ್ಲುಪುಡಿಯ ನೊರೆ ಮಾಡಿಕೊಂಡು ನಿಂತಿದ್ದರು. "ಪಾಠ ಒಪ್ಪಿಸ್ತಿದ್ದೆ ಕಣೇ" ಅಂದರು. ಬಚ್ಚಲಿನಲ್ಲಿ ದನಿ ಗೋಡೆಗೆ ಬಡಿದು ವಾಪಸು ಬರುತ್ತದೆ, ತಪ್ಪು ತಾನೇ ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕ. ಆ ಚಿಲಕವನ್ನು ಆಮೇಲೆ ಯಾರೂ ಹಾಕಿಸಲಿಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಸೊಸೆ ಕಿರುಚಾಟದ ನಡುವೆಯೇ ಗೊರಕೆ ಹೊಡೆಯುವುದನ್ನು ಕಲಿತಳು.

ಅತ್ತೆ ಸೊಸೆ ಅಂದರೆ ಹಾವು ಮುಂಗುಸಿ ಅನ್ನುವವರು ಆ ಮನೆಗೆ ಬಂದು ನೋಡಬೇಕಿತ್ತು. ಭಾನುವಾರ ಮಧ್ಯಾಹ್ನ ಇಬ್ಬರೂ ಬಟಾಣಿ ಸುಲಿಯುತ್ತ ಕೂತರೆ ದೆವ್ವಗಳದೇ ಮಾತು. ದೆವ್ವದ ಸಿನಿಮಾ ಎಂದರೆ ಮೂಗು ಮುರಿಯುವ ದೊಡ್ಡ ಮನುಷ್ಯರಿದ್ದಾರೆ. ಅವರಿಗೆ ಒಂದು ಮಾತು ಹೇಳಬೇಕು: ಒಂದು ಕಾಲದ ಜನ ಯಾವುದಕ್ಕೆ ನಡುಗುತ್ತಿದ್ದರು ಎಂದು ತಿಳಿಯಬೇಕಾದರೆ ಅವರು ಕೊಟ್ಟ ಭಾಷಣ ಕೇಳಿ ಪ್ರಯೋಜನವಿಲ್ಲ, ಅವರು ದುಡ್ಡು ಕೊಟ್ಟು ನೋಡಿ ಹೆದರಿದ ದೆವ್ವವನ್ನು ನೋಡಬೇಕು. ಕಿರುಚಮ್ಮ ಇದನ್ನು ಯಾವ ಕಾಲೇಜಿನಲ್ಲೂ ಕಲಿತಿರಲಿಲ್ಲ. ಅವರಿಗೆ ಕೆಲಸ ಮಾಡುವ ಒಂದು ರೀತಿ ಇತ್ತು, ಅಷ್ಟೆ. ಯಾವ ನಿರ್ದೇಶಕ ಕರೆದರೂ ಕತೆ ಕೇಳುತ್ತಿರಲಿಲ್ಲ, ದೆವ್ವ ಹೇಗಿದೆ ಎಂದೂ ಕೇಳುತ್ತಿರಲಿಲ್ಲ. ಒಂದೇ ಪ್ರಶ್ನೆ: "ಇವಳು ಕಿರುಚಿದ್ರೆ ಯಾರು ಬರ್ತಾರೆ?"

"ಕಿರುಚೋದು ಅಂದ್ರೆ ಬರೀ ಹೆದರಿಕೆ ಅಲ್ಲ ಕಣೇ" ಎನ್ನುತ್ತಿದ್ದರು. "ಹೆದರಿಕೆಯಾದ್ರೆ ಓಡ್ತಾರೆ, ಇಲ್ಲಾ ಮರಗಟ್ಟಿ ನಿಲ್ತಾರೆ. ಕಿರುಚೋದು ಅಂದ್ರೆ ಯಾರನ್ನೋ ಕರೆಯೋದು. ಯಾರನ್ನ ಕರೀತಿದೀನಿ ಅಂತ ಗೊತ್ತಾದ್ರೆ ದನಿ ತಾನಾಗೇ ಬರುತ್ತೆ."

ಅವರು ಮೊದಲ ಚಿತ್ರಕ್ಕೆ ಕಿರುಚಿದಾಗ ಇನ್ನೂ ಮದುವೆಯಾಗಿರಲಿಲ್ಲ. ಆಗಿನ ನಿರ್ದೇಶಕರು, "ಯಾರು ಬರ್ತಾರೆ ಅಂದ್ರೆ? ಊರಿಗೂರೇ ದೊಣ್ಣೆ ಹಿಡ್ಕೊಂಡು ಬರುತ್ತೆ" ಎಂದಿದ್ದರು. ಆ ಕಾಲದಲ್ಲಿ ಮಂದಿ ದೊಡ್ಡ ಮನೆಗಳನ್ನು ಬಿಟ್ಟು ಪಟ್ಟಣಕ್ಕೆ ಬಂದು ಸಣ್ಣ ಕೋಣೆಗಳಲ್ಲಿ ಹೊಸದಾಗಿ ಒಲೆ ಹೂಡುತ್ತಿದ್ದರು. ಬಿಟ್ಟುಬಂದ ಹಿರಿಯರು ಎದೆಯಲ್ಲಿ ಮುಳ್ಳಾಗಿ ಕೂತಿದ್ದರು. ಅದಕ್ಕೆ ತಕ್ಕ ಹಾಗೆ ದೆವ್ವವೂ ಮುದುಕಿಯೇ, ಊಟಕ್ಕೆ ಕೂತವರ ಹಿಂದೆ ನಿಂತು "ನಂಗೆ?" ಅನ್ನುತ್ತಿತ್ತು. ಅವತ್ತಿನ ಕಿರುಚಾಟ ಉದ್ದ. ಊರಿಗೆ ಕೇಳಿಸಲು ಹೊಲ ದಾಟಿ ಹೋಗಬೇಕಲ್ಲ.

ಆಮೇಲೆ ಕಾರ್ಖಾನೆಗಳು ಬೀಗ ಹಾಕಿಕೊಂಡ ವರ್ಷಗಳು ಬಂದವು. ಆಗಿನ ದೆವ್ವ ಖಾಕಿ ಅಂಗಿ ತೊಟ್ಟ ಮೇಸ್ತ್ರಿ. ನಿಂತುಹೋದ ಯಂತ್ರ ತಾನಾಗಿ ತಿರುಗುತ್ತಿತ್ತು. "ಯಾರು ಬರ್ತಾರೆ?" ಅಂದರೆ ನಿರ್ದೇಶಕ ತಲೆ ಕೆರೆದುಕೊಂಡು, "ಗಂಡ ಬರ್ತಾನಮ್ಮ, ಆದ್ರೆ ಅವನೂ ನಡುಗ್ತಿರ್ತಾನೆ" ಅಂದ. ಕಿರುಚಮ್ಮ ಆ ಸಲ ಅರ್ಧಕ್ಕೇ ಉಸಿರು ನುಂಗಿ ಕಿರುಚಿದರು. ಚಿತ್ರಮಂದಿರದಲ್ಲಿ ಗಂಡಸರೇ ಮುಖ ಮುಚ್ಚಿಕೊಂಡರಂತೆ.

ಮುಂದೆ ಪೆಟ್ಟಿಗೆ ಮೇಲೆ ಪೆಟ್ಟಿಗೆ ಇಟ್ಟ ಹಾಗೆ ಫ್ಲಾಟುಗಳು ಎದ್ದವು. ದೆವ್ವ ಪಕ್ಕದ ಮನೆಗೆ ಬಾಡಿಗೆಗೆ ಬಂತು, ಸಕ್ಕರೆ ಸಾಲ ಕೇಳಿತು. "ಯಾರು ಬರ್ತಾರೆ?" "ಯಾರೂ ಬರಬಾರದು ಅಂತಲೇ ಅವಳ ಕಷ್ಟ. ನಾಲ್ಕು ಜನಕ್ಕೆ ಗೊತ್ತಾದ್ರೆ ಮರ್ಯಾದೆ ಏನಾಗ್ಬೇಕು?" ಅದಕ್ಕೆ ಅವರು ಬಾಯಿಗೆ ಸೆರಗು ತುರುಕಿಕೊಂಡು ಕಿರುಚಿದರು. ಅಮ್ಮಂದಿರು ಕೆಲಸಕ್ಕೆ ಹೋಗತೊಡಗಿದ ಮೇಲಂತೂ ದೆವ್ವ ನೆಟ್ಟಗೆ ತೊಟ್ಟಿಲಿಗೇ ಬಂತು, ಮಗುವೇ ದೆವ್ವ. ಆ ಚಿತ್ರದವನು "ಬರಬೇಕಾದವಳೇ ಅವಳಲ್ವಾ, ಅವಳೇ ಕಿರುಚಿದ್ರೆ ಇನ್ಯಾರು ಬರ್ತಾರೆ?" ಎಂದು ಜಾಣತನದಿಂದ ನಕ್ಕಿದ್ದ.

"ಅವನ ನಾಲಿಗೆಗೆ ಬರೆ ಹಾಕ" ಎಂದು ಅತ್ತೆ ಬಟಾಣಿ ಸಿಪ್ಪೆಯನ್ನು ಪಟ್ಟೆಂದು ಮುರಿಯುತ್ತಿದ್ದರು. "ನಾನೇ ಆಗ ಮಗನ್ನ ಪಕ್ಕದ ಮನೇಲಿ ಬಿಟ್ಟು ಕಿರುಚೋಕೆ ಹೋಗ್ತಿದ್ದೆ. ಹೆದರಿದವರ ಮೇಲೆ ಕಪ್ಪೆ ಎಸೆದ ಹಾಗೆ, ದುಡಿಯೋ ಹೆಂಗಸರಿಗೇ ದೆವ್ವ ತೋರಿಸ್ತಾರೆ. ಅವತ್ತು ಕಿರುಚಿ, ಅತ್ತು, ಅದೇ ಕಣ್ಣೀರಲ್ಲಿ ಮನೆಗೆ ಓಡಿ ಬಂದೆ. ನಿನ್ನ ಗಂಡ ಅವರ ಮನೇಲಿ ಚೆನ್ನಾಗಿ ತಿಂದು ಮಲಗಿದ್ದ, ದುಂಡಗೆ."

ಸೊಸೆಗೆ ಈ ಮಾತುಗಳೆಂದರೆ ಪ್ರಾಣ. ಹೆತ್ತ ತಾಯಿ ಇಷ್ಟು ಮಾತಾಡಿದವರಲ್ಲ. ಈ ಅತ್ತೆ ಸಿಗದಿದ್ದರೆ ತಾನು ಬರಿ ಗುಂಡಿ ತಿರುಗಿಸುವವಳಾಗಿ ಉಳಿಯುತ್ತಿದ್ದೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಹೀಗಿರುವಾಗ ಹೊಸ ಚಿತ್ರವೊಂದು ಬಂತು. ನಿರ್ದೇಶಕ ಎಳೆಯ ವಯಸ್ಸಿನವನು, ಮೆತ್ತನೆಯ ಮಾತು, ಯಾರನ್ನೂ ನೋಯಿಸಲಾರದವನು. ಹೆದರಿಸುವ ಸಿನಿಮಾ ಮಾಡುವವರು ಬಹಳ ಮಂದಿ ಹಾಗೇ ಇರುತ್ತಾರೆ. ಜಗಳಗಂಟರೆಲ್ಲ ಪ್ರೇಮಕತೆ ತೆಗೆಯುತ್ತಾರೆ. ಸದ್ದಿನ ಕೆಲಸವೆಲ್ಲ ಸೊಸೆಗೆ, ಕಿರುಚುವುದು ಅತ್ತೆಗೆ. ಅತ್ತೆ ತಮ್ಮ ಪ್ರಶ್ನೆ ಕೇಳಿದರು.

"ಎಲ್ರೂ ಬರ್ತಾರೆ ಅಮ್ಮ" ಅಂದ ಅವನು. "ಎದುರು ಕಟ್ಟಡದವರೆಲ್ಲ ಕಿಟಕಿಗೆ ಬರ್ತಾರೆ. ಫೋನ್ ಎತ್ತಿ ವೀಡಿಯೋ ಮಾಡ್ತಾರೆ. ನಿಜಾನೋ, ಯಾರೋ ಆಟಕ್ಕೆ ಮಾಡ್ತಿರೋದೋ ಅಂತ ಅವರಿಗೆ ಗೊತ್ತಾಗಲ್ಲ. ಚೆನ್ನಾಗಿ ಕಿರುಚ್ತಾಳೆ ಅಂತಾರೆ."

"ಅವಳ ಮನೆಗೆ ಯಾರೂ ಬರಲ್ವಾ?"

"ಬರಲ್ಲ. ಅದೇ ಸಿನಿಮಾ."

ಅತ್ತೆ, "ಹಾಗಾದ್ರೆ ಇವಳು ಯಾಕಪ್ಪ ಕಿರುಚ್ತಾಳೆ?" ಎಂದು ಕೇಳಿದರು. ಅವನು "ದೆವ್ವ ಇದೆಯಲ್ಲಮ್ಮ" ಎಂದು ತೊದಲಿದ.

ಅವತ್ತಿನಿಂದ ಬಚ್ಚಲಿನ ಪಾಠ ಹೆಚ್ಚಾಯಿತು. ಬೆಳಿಗ್ಗೆ ಒಂದು ಸಲ ಇದ್ದದ್ದು ಮಧ್ಯಾಹ್ನವೂ ಶುರುವಾಯಿತು. ಉದ್ದಕ್ಕೆ, ಗಿಡ್ಡಕ್ಕೆ, ಬಾಯಿ ಮುಚ್ಚಿ, ತೆರೆದು, ಏನು ಮಾಡಿದರೂ ಅವರಿಗೆ ಸಮಾಧಾನವಿಲ್ಲ. ಬೀದಿಯವರು ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ಸಿನಿಮಾ ಒಪ್ಪಿಕೊಂಡಿರಬೇಕು ಅಂದುಕೊಂಡರು.

ಆ ದಿನ ಸೊಸೆ ಹಿಂದಿನ ಕೋಣೆಯಲ್ಲಿದ್ದಳು. ಅದು ಅವಳ ಮನೆಯ ಸ್ಟುಡಿಯೋ. ಗೋಡೆಗೆ ಹಳೆಯ ಹಾಸಿಗೆಗಳನ್ನು ನಿಲ್ಲಿಸಿ, ಕಿಟಕಿಗೆ ಕಂಬಳಿ ಬಿಗಿದ ಕೋಣೆ. ಚಿತ್ರದಲ್ಲಿ ಪರದೆ ಸರಿಯುವ ಸದ್ದು ಬೇಕಾಗಿತ್ತು. ಮೈಕಿನ ಮುಂದೆ ಬಟ್ಟೆ ಎಳೆಯುತ್ತ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಎಂಥಾ ಹಾಸಿಗೆಯನ್ನೂ ದಾಟಿ ಬರುವ ದನಿ ಅತ್ತೆಯದು. ಬಂತು. ಮೊದಲು ಸೊಸೆಗೆ ರೇಗಿತು. ಪರದೆಯ ಸದ್ದು ಹಾಳಾಯಿತಲ್ಲ ಎಂದು. ಆದರೆ ಮರುಗಳಿಗೆ ಬಟ್ಟೆ ಕೆಳಗಿಟ್ಟಳು. ಇಷ್ಟು ವರ್ಷದಲ್ಲಿ ಅವಳು ಇಂಥ ಕಿರುಚಾಟ ಕೇಳಿರಲಿಲ್ಲ. ಅಂತೂ ಅತ್ತೆಗೆ ಸಿಕ್ಕಿತು, ಅಂದುಕೊಂಡಳು. ಕೈ ತಾನಾಗಿ ಗುಂಡಿಯ ಮೇಲೆ ಹೋಗಿ ಮೈಕಿನ ದನಿ ಏರಿಸಿತು. ಎರಡನೆಯ ಸಲ ಕಿರುಚಿದಾಗ ಉಸಿರು ಬಿಗಿಹಿಡಿದು ಕೂತಳು, ತನ್ನ ಉಸಿರಿನ ಸದ್ದು ಬೆರೆಯಬಾರದು ಎಂದು. ಮೂರನೆಯದಕ್ಕೆ ಕಾದಳು. ಬರಲಿಲ್ಲ.

ಇಷ್ಟಕ್ಕೇ ಎದ್ದು ಹೋಗಿ "ಅತ್ತೆ, ಇದೇ ಇದೇ" ಎಂದು ಹೇಳಿದ್ದರೂ ಆಗುತ್ತಿತ್ತು. ಅವಳು ಹೋಗಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ಕಸುಬಿನವರ ಚಪಲ ಅದು, ಚೆನ್ನಾಗಿದ್ದದ್ದನ್ನು ಎರಡು ಸಲ ಕೇಳಬೇಕು. ಕೇಳಿ ಖುಷಿಪಟ್ಟಳು. ಇನ್ನೊಮ್ಮೆ ಕೇಳುವಾಗ ಸ್ವಲ್ಪ ಹಿಂದಿನಿಂದ ಹಾಕಿದಳು. ಆಗ ಕಿರುಚಾಟಕ್ಕೂ ಮುಂಚೆ ಏನೋ ಇತ್ತು. ಧಪ್ ಎಂದು ಒಂದು ಸದ್ದು, ಅದರ ಹಿಂದೆಯೇ ಪ್ಲಾಸ್ಟಿಕ್ ಮಗ್ಗು ಉರುಳಿಕೊಂಡು ಹೋಗುವ ಸದ್ದು. ಮನುಷ್ಯರು ಬೀಳುವ ಸದ್ದನ್ನು ಅವಳು ಎಷ್ಟೋ ಚಿತ್ರಗಳಿಗೆ ಮರಳಿನ ಚೀಲ ಎಸೆದು ಮಾಡಿದ್ದಳು. ಇದು ಮರಳಿನ ಚೀಲವಲ್ಲ. ಹೆಡ್‌ಫೋನಿನ ವೈರು ಕಿತ್ತುಕೊಂಡು ಓಡಿದಳು.

ಅತ್ತೆ ಒದ್ದೆ ನೆಲದ ಮೇಲೆ ಕೂತಿದ್ದರು. ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ಬಕೆಟ್ಟಿಗೆ ಒರಗಿ, ಸೀರೆ ಸರಿಮಾಡಿಕೊಂಡು, ಬಾಗಿಲನ್ನೇ ನೋಡುತ್ತ ಕೂತಿದ್ದರು. ಸೊಸೆಯನ್ನು ಕಂಡು "ಬಂದೆಯಾ" ಅಂದರು.

ಆಸ್ಪತ್ರೆ, ಎಕ್ಸ್‌ರೇ, ಮೊಣಕಾಲಿನವರೆಗೆ ಪ್ಲಾಸ್ಟರು. ಮನೆಗೆ ಬಂದ ಮೇಲೆ ಬೀದಿಯವರೆಲ್ಲ ನೋಡಲು ಬಂದರು. ಎಲ್ಲರದೂ ಒಂದೇ ಮಾತು. ಮಹಡಿ ಮನೆಯ ಆಂಟಿ, "ಕೇಳಿಸ್ತು ನೋಡಿ, ದಿನಾ ಇದ್ದದ್ದೇ ಅಂದ್ಕೊಂಡೆ. ಇವತ್ತು ಭಾರಿ ಚೆನ್ನಾಗಿದೆ ಅಂತ ಮೊಮ್ಮಗಳಿಗೆ ಬೇರೆ ಹೇಳಿದೆ" ಎಂದು ಕಣ್ಣೊರೆಸಿಕೊಂಡರು. ಹಾಲಿನವನಿಗೂ ಕೇಳಿಸಿತ್ತು, ಇಸ್ತ್ರಿಯವನಿಗೂ ಕೇಳಿಸಿತ್ತು. "ತೋಳ ಬಂತು ತೋಳದ ಕತೆಯಾಯ್ತು ನಮ್ಮದು" ಎಂದು ಅತ್ತೆ ಎಲ್ಲರನ್ನೂ ನಗಿಸಿ ಕಳಿಸಿದರು. ಮಗ ಮಾತ್ರ ಅಡುಗೆಮನೆಯಲ್ಲಿ ಹೆಂಡತಿಯನ್ನು ಒಂದೇ ಮಾತು ಕೇಳಿದ: "ನೀನು ಮನೇಲೇ ಇದ್ದೆಯಲ್ಲ?" ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಸ ನಿರ್ದೇಶಕನ ಕತೆಯಲ್ಲಿ ಕಿಟಕಿಗೆ ಬಂದು ನಿಲ್ಲುವವರ ಮೇಲೆ ಸೊಸೆಗೆ ಮೊದಲಿನಿಂದಲೂ ಸಿಟ್ಟಿತ್ತು. ಇಂಥವರೂ ಇರುತ್ತಾರಾ ಎಂದು. ಈಗ ನೋಡಿದರೆ ತಾನೇ ಅವರಲ್ಲಿ ಒಬ್ಬಳು. ಕೈಯಲ್ಲಿ ಫೋನ್ ಇರಲಿಲ್ಲ ಅಷ್ಟೆ, ಅದಕ್ಕಿಂತ ದುಬಾರಿಯ ಮೈಕು ಇತ್ತು.

ನಾಲ್ಕು ದಿನ ತಡೆದು, ಐದನೆಯ ದಿನ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿಬಿಟ್ಟಳು. ಕೇಳಿಸಿದ್ದು, ಗುಂಡಿ ಏರಿಸಿದ್ದು, ಮತ್ತೆ ಮತ್ತೆ ಹಾಕಿ ಕೇಳಿದ್ದು. ಅತ್ತೆ ಅವಳ ಮುಖವನ್ನೇ ನೋಡಿದರು.

"ಇದೆಯಾ ಅದು?"

"ಇದೆ ಅತ್ತೆ."

"ಹಾಕು ನೋಡೋಣ."

ಸೊಸೆ ಬೇಡ ಅಂದಳು. ಅತ್ತೆ ಬಿಡಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಬೇರೆ ಯಾರದೋ ಕೆಲಸ ತೂಗುವ ಹಾಗೆ ಕೇಳಿದರು. ಕೇಳಿ ತೆಗೆದಿಟ್ಟರು. "ಮೊದಲನೇದು ಒಳ್ಳೆಯದಿದೆ. ಎರಡನೇದರಲ್ಲಿ ಕೊನೆ ಬಿದ್ದುಹೋಗಿದೆ."

"ನೋವಿತ್ತಲ್ಲ ಅತ್ತೆ, ಅದಕ್ಕೆ."

"ನೋವಿಗಲ್ಲ ಕಣೇ. ಅಷ್ಟು ಹೊತ್ತಿಗೆ ನೀನು ಬರಲ್ಲ ಅಂತ ಗೊತ್ತಾಗಿತ್ತು." ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಸೊಸೆಯ ಗಲ್ಲ ಸವರಿದರು. "ಮದುವೆಯಾಗಿ ಬಂದ ಹೊಸದರಲ್ಲಿ ಚಿಲಕ ಮುರ್ಕೊಂಡು ಬಂದಿದ್ದೆ. ಅಭ್ಯಾಸ ಮಾಡಿಸಿದ್ದು ನಾನೇ, ಬಿಡು. ನಿನ್ನ ತಪ್ಪೇನಿದೆ?"

ಆ ಸಮಾಧಾನದ ಮಾತಿನಲ್ಲಿ ಸೊಸೆಗೆ ಸಮಾಧಾನ ಸಿಗಲಿಲ್ಲ. ನಿರ್ದೇಶಕನಿಗೆ ವಿಷಯ ಗೊತ್ತಾಗಿ, ಅಳುಕುತ್ತ ಅಳುಕುತ್ತ, ಆ ರೆಕಾರ್ಡಿಂಗನ್ನೇ ಚಿತ್ರಕ್ಕೆ ಬಳಸಬಹುದೇ ಎಂದು ಫೋನಿನಲ್ಲಿ ಕೇಳಿದ. ಅತ್ತೆ ಫೋನು ಇಸಿದುಕೊಂಡರು. "ಕಸುಬಿಂದು ಎಷ್ಟು ಬೇಕಾದ್ರೂ ಕೊಡ್ತೀನಪ್ಪ. ಇದು ಮನೇದು. ಬಂದು ಕಿರುಚಿ ಕೊಡ್ತೀನಿ, ತಾಳು" ಅಂದು, ಸೊಸೆಯ ಕೈಯಲ್ಲೇ ಅದನ್ನು ಅಳಿಸಿಹಾಕಿಸಿದರು.

ಕಷ್ಟ ಶುರುವಾದದ್ದು ಆಮೇಲೆ. ಹೇಳಿದ ದಿನಕ್ಕೆ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಸ್ಟುಡಿಯೋಗೆ ಹೋದರು. ಅದು ಮೂರು ಅಂತಸ್ತಿನ ಹಳೆಯ ಕಟ್ಟಡ. ಕೆಳಗೆ ದರ್ಜಿ, ನಡುವಿನಲ್ಲಿ ಹಲ್ಲಿನ ಡಾಕ್ಟರು ಮತ್ತು ಲೆಕ್ಕಪತ್ರದ ಆಫೀಸು, ಮೇಲೆ ಸ್ಟುಡಿಯೋ. ಕಿರುಚುವ ಕೋಣೆಗೆ ಒಂದರ ಹಿಂದೆ ಒಂದು ಎರಡು ದಪ್ಪ ಬಾಗಿಲು. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಮೈಕನ್ನು ಕುರ್ಚಿಯ ಎತ್ತರಕ್ಕೆ ಇಳಿಸಿದರು. ತೆರೆಯ ಮೇಲೆ ನಾಯಕಿ ಕಿಟಕಿಯ ಹತ್ತಿರ ಬಂದು ಬಾಯಿ ತೆರೆದಳು. ಅತ್ತೆಯೂ ತೆರೆದರು. ಬರಿ ಗಾಳಿ ಬಂತು.

ನೀರು ಕುಡಿದರು. ಮತ್ತೆ ಗಾಳಿ. ಮೂರನೆಯ ಸಲ ಕೆಮ್ಮು. ಇಷ್ಟು ವರ್ಷ ಕರೆದಾಗಲೆಲ್ಲ ಬಂದ ದನಿ, ಸಾಕಿದ ನಾಯಿ ಮುನಿಸಿಕೊಂಡ ಹಾಗೆ ಒಳಗೇ ಮಲಗಿಬಿಟ್ಟಿತ್ತು. ಗಂಟಲಿನ ಡಾಕ್ಟರು ದೀಪ ಬಿಟ್ಟು ನೋಡಿ, ಇಪ್ಪತ್ತರ ಹುಡುಗಿಯ ಗಂಟಲು ಅಂದರು. ನಿರ್ದೇಶಕ ಪಾಪ, ಇನ್ನೊಂದು ವಾರ ಕಾಯುತ್ತೇನೆ ಎಂದ. ಅಷ್ಟರಲ್ಲಿ ಆಗದಿದ್ದರೆ ಕಂಪ್ಯೂಟರಿನಲ್ಲಿ ಸಿದ್ಧ ಕಿರುಚಾಟಗಳು ಸಾವಿರಗಟ್ಟಲೆ ಇವೆ, ಒಂದನ್ನು ಆರಿಸಿ ಹಾಕುವುದು ಅನಿವಾರ್ಯ ಎಂದೂ ಹೇಳಿದ. ಆ ಮಾತನ್ನು ಅವನು ನೆಲ ನೋಡಿಕೊಂಡು ಹೇಳಿದ. ಒಂದು ಸಲ ಸಿದ್ಧ ಸರಕು ನಡೆಯಿತು ಎಂದಾದರೆ ಮುಂದೆ ಆ ಮನೆಗೆ ಯಾರೂ ಫೋನ್ ಮಾಡುವುದಿಲ್ಲ. ಇದು ಮೂವರಿಗೂ ಗೊತ್ತಿತ್ತು.

ಆಟೋದಲ್ಲಿ ವಾಪಸು ಬರುವಾಗ ಅತ್ತೆ ಅಂದರು: "ಗಂಟಲು ಸರಿಯಾಗೇ ಇದೆ ಕಣೇ. ಬಾಯಿ ತೆಗೆದ ತಕ್ಷಣ, ಯಾರನ್ನ ಕರೀಲಿ ಅನ್ನೋದೇ ತಿಳೀದ ಹಾಗೆ ಆಗುತ್ತೆ."

ಸೊಸೆ ಆಚೆ ತಿರುಗಿ ಅಂಗಡಿಗಳ ಬೋರ್ಡು ಓದಿದಳು. ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಆ ವಾರವೆಲ್ಲ ಬೀದಿ ಮೌನವಾಗಿತ್ತು. ಎಂಟು ಗಂಟೆಯ ಕಿರುಚಾಟ ಕೇಳಿ ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದವರು ತಡಮಾಡಿಕೊಂಡರು. ಹಾಲಿನವನು ಬಾಗಿಲಲ್ಲಿ ನಿಂತು, "ಅಮ್ಮ ಯಾವಾಗ ಶುರು ಮಾಡ್ತಾರೆ?" ಎಂದು ತಗ್ಗಿದ ದನಿಯಲ್ಲಿ ಕೇಳಿ ಹೋದ. ಕನ್ನಡಕದ ಅಂಗಡಿಯ ಮಗ, ಜೀವಮಾನದಲ್ಲಿ ಮೊದಲ ಬಾರಿಗೆ ಅಮ್ಮನ ಹಳೆಯ ಚಿತ್ರವೊಂದನ್ನು ತಂದು ಹಾಕಿ, ಅರ್ಧದಷ್ಟು ಬೆರಳ ಸಂದಿಯಿಂದ ನೋಡಿ, "ಅಮ್ಮ, ನೀನು ಇಷ್ಟು ಚೆನ್ನಾಗಿ ಮಾಡ್ತಿದ್ದೆಯಾ" ಅಂದ. ಅಮ್ಮ ನಕ್ಕರು. ಕಿರುಚುವ ದನಿ ಮಾತ್ರ ಬರಲಿಲ್ಲ. ಸೊಸೆ ಹೊಸ ಚಿಲಕ ಹಾಕಿಸಲು ಹೊರಟರೆ ಅತ್ತೆ ಬೇಡ ಅಂದರು. ಅವಳು ಈಗ ಅತ್ತೆ ಕೆಮ್ಮಿದರೂ ಬರುತ್ತಿದ್ದಳು, ಚಮಚ ಬಿದ್ದರೂ ಬರುತ್ತಿದ್ದಳು. ಬಂದು ಬಂದು ಅತ್ತೆಗೇ ಸಾಕಾಗಿ, "ಹೋಗೇ, ನಿನ್ನ ಕೆಲಸ ನೋಡ್ಕೋ" ಎಂದು ಗದರುತ್ತಿದ್ದರು. ನಂಬಿಕೆ ಎನ್ನುವುದು ಚಿಲಕ ಹಾಕಿಸಿದ ಹಾಗೆ ಒಬ್ಬರು ಬಂದು ಮೊಳೆ ಹೊಡೆದು ಹೋಗುವ ವಸ್ತುವಲ್ಲವಲ್ಲ.

ವಾರದ ಕೊನೆಗೆ ಮತ್ತೆ ಸ್ಟುಡಿಯೋ. ಮಧ್ಯಾಹ್ನದ ಹೊತ್ತು, ಕೆಳಗೆ ದರ್ಜಿಯ ಯಂತ್ರ ಓಡುತ್ತಿತ್ತು, ಡಾಕ್ಟರ ಬಾಗಿಲಲ್ಲಿ ಕೆನ್ನೆ ಹಿಡಿದುಕೊಂಡವರು ಕಾದಿದ್ದರು. ಅತ್ತೆ ಒಳ್ಳೆಯ ಸೀರೆ ಉಟ್ಟಿದ್ದರು, ಕೊನೆಯ ದಿನದ ಕೆಲಸಕ್ಕೆ ಹೋಗುವವರ ಹಾಗೆ. ಸೊಸೆ ಎರಡೂ ಬಾಗಿಲು ಮುಚ್ಚಿ, ಗಾಜಿನ ಈಚೆ ಬಂದು ಕೂತಳು. ಪಕ್ಕದಲ್ಲಿ ನಿರ್ದೇಶಕ. ಕೆಂಪು ದೀಪ ಹತ್ತಿತು.

ತೆರೆಯ ಮೇಲೆ ನಾಯಕಿ ಬಾಯಿ ತೆರೆದಳು. ಅತ್ತೆ ತೆರೆಯಲಿಲ್ಲ. ತೆರೆಯನ್ನು ನೋಡುವುದನ್ನೂ ಬಿಟ್ಟು ಗಾಜಿನ ಕಡೆ ತಿರುಗಿದರು. ಕೆಲಸದಲ್ಲಿ ಅವರು ಹಾಗೆ ತಿರುಗಿದವರೇ ಅಲ್ಲ. ಎರಡೂ ಕೈಯಲ್ಲಿ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದಿದ್ದರು. ಹೆಡ್‌ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು. ಸೊಸೆಯ ಬೆರಳು ಗುಂಡಿಯ ಮೇಲಿತ್ತು. ಅಂದೂ ಹೀಗೇ ಇತ್ತಲ್ಲ ಎಂದು ಅವಳಿಗೆ ಹೊಳೆದದ್ದು ಆಗ. ಅಂದೂ ಅತ್ತೆ ಆಚೆ, ತಾನು ಈಚೆ, ನಡುವೆ ಒಂದು ಮೈಕು.

ಹೆಡ್‌ಫೋನ್ ತೆಗೆದಿಟ್ಟು ಎದ್ದಳು. "ಅಕ್ಕ, ರೆಕಾರ್ಡಿಂಗ್ ಇನ್ನೂ ಓಡ್ತಿದೆ" ಎಂದ ನಿರ್ದೇಶಕ. ಅವಳು ಮೊದಲ ಬಾಗಿಲು ತೆಗೆದಳು, ಎರಡನೆಯದನ್ನೂ ತೆಗೆದಳು. ಸದ್ದಿನ ಕೆಲಸದವರು ಮನೆ ಬಾಗಿಲು ತೆರೆದಿಟ್ಟು ಊರಿಗೆ ಹೋದಾರು, ಆ ಬಾಗಿಲನ್ನು ತೆರೆದಿಟ್ಟು ಒಂದು ಹೆಜ್ಜೆ ಇಡುವುದಿಲ್ಲ. ಅವಳು ಎರಡನ್ನೂ ಹಾಗೇ ಬಿಟ್ಟು ಒಳಗೆ ಹೋದಳು.

"ಇನ್ನೂ ಕಿರುಚೇ ಇಲ್ವಲ್ಲೇ" ಅಂದರು ಅತ್ತೆ. "ಯಾಕೆ ಬಂದೆ?"

"ಈ ಸಲ ಮೊದಲೇ ಬಂದಿರೋಣ ಅಂತ ಅತ್ತೆ."

ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ಪ್ಲಾಸ್ಟರಿನ ಕಾಲನ್ನು ತಬ್ಬಿಕೊಂಡಳು. ಅತ್ತೆ ಬಗ್ಗಿ ಅವಳ ನೆತ್ತಿಯನ್ನು ನೋಡಿದರು. ಮೂಗು ಒರೆಸಿಕೊಂಡರು. "ಕಿವಿ ಮುಚ್ಕೋ" ಅಂದರು.

ಆಮೇಲೆ ಕಿರುಚಿದರು. ಸೊಸೆಗೆ ಮುಚ್ಚಿಕೊಂಡ ಕಿವಿಯಿಂದ ಕೇಳಿಸಿದ್ದಕ್ಕಿಂತ ಹೆಚ್ಚಾಗಿ ಒರಗಿದ್ದ ಕಾಲಿನಿಂದ ಕೇಳಿಸಿತು, ಪ್ಲಾಸ್ಟರೇ ನಡುಗುತ್ತಿತ್ತು. ತುಂಡಾಗಿಸಿದ್ದಲ್ಲ, ನುಂಗಿದ್ದಲ್ಲ, ಸೆರಗು ತುರುಕಿದ್ದೂ ಅಲ್ಲ. ತೆರೆಯ ಮೇಲಿನ ನಾಯಕಿ ಬಾಯಿ ಮುಚ್ಚಿ ಎಷ್ಟೋ ಹೊತ್ತಾಗಿತ್ತು, ಇವರು ನಿಲ್ಲಿಸಲಿಲ್ಲ. ದನಿ ತೆರೆದ ಬಾಗಿಲಲ್ಲಿ ಹಾದು, ಮೆಟ್ಟಿಲಿಳಿದು, ಕಟ್ಟಡವೆಲ್ಲ ತುಂಬಿಕೊಂಡಿತು. ಉಸಿರು ಮುಗಿದಾಗ ಕೆಳಗೆ ದರ್ಜಿಯ ಯಂತ್ರ ನಿಂತಿತ್ತು.

ಮೊದಲು ಬಂದವನು ನಿರ್ದೇಶಕ. ಗಾಜಿನ ಆಚೆ ಕೂತು ಎಲ್ಲ ಕಣ್ಣಾರೆ ನೋಡುತ್ತಿದ್ದವನು, ಆದರೂ ಕುರ್ಚಿ ಬೀಳಿಸಿಕೊಂಡು ಬಂದಿದ್ದ. ಅವನ ಹಿಂದೆ ಮೆಟ್ಟಿಲ ಮೇಲೆ ದಡದಡ ಹೆಜ್ಜೆ. ದರ್ಜಿ ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಲೆಕ್ಕಪತ್ರದ ಆಫೀಸಿನ ಇಬ್ಬರು ಹೆಂಗಸರು ಒಂದೊಂದೇ ಚಪ್ಪಲಿಯಲ್ಲಿ ಬಂದರು. ಹಲ್ಲಿನ ಡಾಕ್ಟರು ಇಕ್ಕಳದ ಸಮೇತ ಬಂದರು. ಅವರ ಬೆನ್ನಿಗೆ, ಬಾಯಲ್ಲಿ ಹತ್ತಿ ತುಂಬಿಕೊಂಡು, ಎದೆಯ ಮೇಲೆ ಟವೆಲ್ಲು ಕಟ್ಟಿಕೊಂಡು, ಹಲ್ಲು ಕೀಳಿಸಿಕೊಳ್ಳುತ್ತಿದ್ದ ದಪ್ಪನೆಯ ಗಂಡಸು ಏದುಸಿರು ಬಿಡುತ್ತ ಬಂದ. ಒಬ್ಬರ ಕೈಯೂ ಫೋನಿಗೆ ಹೋಗಲಿಲ್ಲ. ಸಣ್ಣ ಕೋಣೆಯೊಳಗೆ ನುಗ್ಗಿ, ಪ್ಲಾಸ್ಟರಿನ ಕಾಲನ್ನೂ ನೆಲದ ಮೇಲೆ ಕೂತವಳನ್ನೂ ನೋಡಿ, ಎಲ್ಲರೂ ಒಟ್ಟಿಗೆ ಮಾತಾಡಿದರು. ಡಾಕ್ಟರು ಇಕ್ಕಳ ಜೇಬಿಗೆ ಹಾಕಿ ಅತ್ತೆಯ ಕೈ ಹಿಡಿದು ನಾಡಿ ನೋಡಿದರು.

"ಏನಾಯ್ತಮ್ಮ? ಏನಾಯ್ತು ನಿಮಗೆ?"

ಇದು ಸಿನಿಮಾ ಎಂದು ಹೇಳಲು ನಿರ್ದೇಶಕ ಬಾಯಿ ತೆರೆದ. ಅತ್ತೆ ಕೈಯೆತ್ತಿ ಅವನನ್ನು ತಡೆದರು. ಬಾಗಿಲಲ್ಲಿ ಒತ್ತರಿಸಿಕೊಂಡು ನಿಂತ ಮುಖಗಳನ್ನು ಒಂದೊಂದಾಗಿ ನೋಡಿದರು. ಬಿದ್ದ ದಿನ ಅಳದವರು, ಮೂಳೆ ಕೂರಿಸುವಾಗ ಅಳದವರು, ಆಗ ಅತ್ತುಬಿಟ್ಟರು.

"ಬಿದ್ದೆ ಕಣಪ್ಪ" ಅಂದರು. "ಹೋದ ತಿಂಗಳು."